ಬಟ್ಟೆ ತಗಡಿನ ಹಾಗೆ ಕಾಣದಿರಲು: ರೊಮ್ಯಾಂಟಿಕ್ ಕಾಲದ ಪೆನ್ಸಿಲ್ ಸ್ಕೆಚ್ ನೋಡಿ ಕಲಿಯುವ ಕ್ರಮ

"ಮೇಷ್ಟ್ರೇ, ಮುಖ ಹೇಗೋ ಬರುತ್ತೆ, ಕೈಕಾಲೂ ಪರವಾಗಿಲ್ಲ. ಬಟ್ಟೆ ಉಡಿಸಿದ ಕೂಡಲೇ ಚಿತ್ರ ಕೆಟ್ಟುಹೋಗುತ್ತೆ. ಸೀರೆ ತಗಡಿನ ಹಾಗೆ ಕಾಣುತ್ತೆ." ಈ ಮಾತು ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ಯುರೋಪಿನ ಹಳೇ ಕಲಾವಿದರ ಪೆನ್ಸಿಲ್ ಸ್ಕೆಚ್ ಬರೀ ಗೀಚಿದ ಹಾಗಿರುತ್ತೆ, ಆದರೂ ನಿಲುವಂಗಿ ತೊಟ್ಟ ಮನುಷ್ಯ ಎದ್ದು ನಿಂತಿರ್ತಾನೆ. ನಾವು ಗೀಚಿದರೆ ಗೀಚಿದ್ದೇ ಉಳಿಯುತ್ತೆ. ಯಾಕೆ?"

ಎರಡಕ್ಕೂ ಉತ್ತರ ಒಂದೇ. ಬಟ್ಟೆಗೆ ತನ್ನದೇ ಆಕಾರ ಇಲ್ಲ. ಅದು ಎಲ್ಲಿ ಸಿಕ್ಕಿಕೊಂಡಿದೆ, ಅಲ್ಲಿಂದ ಯಾವ ಕಡೆಗೆ ಜಗ್ಗುತ್ತಿದೆ ಎಂಬುದೇ ಅದರ ಆಕಾರ. ನಾವು ಮಡಿಕೆಗಳನ್ನು ಒಂದೊಂದಾಗಿ ಎಣಿಸಿ ಬರೆಯುತ್ತೇವೆ. ಅವರು ಆ ಜಗ್ಗನ್ನು ಬರೆಯುತ್ತಿದ್ದರು. ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ, ಆದ್ದರಿಂದ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಸ್ಪಷ್ಟನೆ. ರೊಮ್ಯಾಂಟಿಕ್ ಎಂದರೆ ಇಲ್ಲಿ ಪ್ರೇಮಕಥೆ ಅಲ್ಲ. 18ನೇ ಶತಮಾನದ ಕೊನೆಯಿಂದ 19ನೇ ಶತಮಾನದ ನಡುಭಾಗದವರೆಗೆ ಯುರೋಪಿನಲ್ಲಿ ನಡೆದ ಕಲೆ-ಸಾಹಿತ್ಯದ ಚಳವಳಿಯ ಹೆಸರು ಅದು. ನಮ್ಮ ನವೋದಯ ಕವಿಗಳು ಮೆಚ್ಚಿ ಓದಿದ ವರ್ಡ್ಸ್‌ವರ್ತ್, ಶೆಲ್ಲಿ ಆ ಕಾಲದವರೇ. ಚಿತ್ರಕಲೆಯಲ್ಲಿ ಅದರ ದೊಡ್ಡ ಹೆಸರು ಫ್ರಾನ್ಸಿನ ಯೂಜೀನ್ ಡೆಲಕ್ರುವಾ (1798–1863). ಅವನ ಎದುರಾಳಿ ಎಂದೇ ಹೆಸರಾದ ಆಂಗ್ರ ಕೂಡ ಅಪ್ರತಿಮ ಪೆನ್ಸಿಲ್ ಕಲಾವಿದ. ಆದರೆ ಅವನ ಗೆರೆ ಚಿನಿವಾರನ ಗೆರೆ, ಚೂಪು ಮೊನೆ, ತೂಗಿ ಅಳೆದ ಬಾಗು. ಹೊಸಬರು ಅದನ್ನು ನಕಲು ಮಾಡಹೊರಟರೆ ಕೈ ಬಿಗಿದುಕೊಳ್ಳುತ್ತದೆ. ಸಡಿಲಗೈ ಬೇಕೆಂದರೆ ಡೆಲಕ್ರುವಾನೇ ಸರಿಯಾದ ಗುರು.

ಏನೇನು ಬೇಕು

ಪೆನ್ಸಿಲ್: ಎಚ್‌ಬಿ, 2ಬಿ, 4ಬಿ, ಈ ಮೂರು ಸಾಕು. 'ಎಚ್' ಹೆಚ್ಚಿದಷ್ಟೂ ಮೊನೆ ಗಟ್ಟಿ, ಗೆರೆ ತಿಳಿ. 'ಬಿ' ಹೆಚ್ಚಿದಷ್ಟೂ ಮೆತ್ತಗೆ, ಗೆರೆ ಕಪ್ಪು. ಈ ಅನುಕೂಲವೇ ಆ ಕಾಲದ ಕೊಡುಗೆ. ಒಳ್ಳೆಯ ಗ್ರಾಫೈಟ್ (ಪೆನ್ಸಿಲ್ಲಿನ ಒಳಗಿನ ಕಪ್ಪು ಖನಿಜ) ಇಂಗ್ಲೆಂಡಿನ ಬಾರೋಡೇಲ್ ಗಣಿಯಿಂದ ಬರುತ್ತಿತ್ತು. ಫ್ರಾನ್ಸಿಗೂ ಬ್ರಿಟನ್ನಿಗೂ ಯುದ್ಧ ಹತ್ತಿಕೊಂಡಾಗ ಆ ಸರಬರಾಜು ನಿಂತಿತು. ಆಗ ನಿಕೊಲಾ-ಜಾಕ್ ಕಾಂಟೆ ಎಂಬಾತ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು ಕಡ್ಡಿ ಮಾಡಿದ, 1795ರಲ್ಲಿ ಪೇಟೆಂಟ್ ಪಡೆದ. ಜೇಡಿ ಹೆಚ್ಚು ಹಾಕಿದರೆ ಗಟ್ಟಿ, ಕಡಿಮೆ ಹಾಕಿದರೆ ಮೆತ್ತಗೆ. ನಿಮ್ಮ ಪೆನ್ಸಿಲ್ ಮೇಲಿನ '2ಬಿ' ಇವತ್ತಿಗೂ ಅದೇ ಲೆಕ್ಕ. ಶಾರ್ಪನರ್ ಬದಲು ಬ್ಲೇಡಿನಿಂದ ಕೆತ್ತಿ, ಮೊನೆ ಉದ್ದ ಬಿಡಿ. ಓರೆ ಹಿಡಿದರೆ ಅಗಲ ಗೆರೆ, ನೆಟ್ಟಗೆ ಹಿಡಿದರೆ ಸಣ್ಣ ಗೆರೆ, ಎರಡೂ ಒಂದೇ ಪೆನ್ಸಿಲ್ಲಿನಲ್ಲಿ ಸಿಗುತ್ತವೆ. ಕ್ಲಿಕ್ ಪೆನ್ಸಿಲ್ ಬೇಡವೇ ಬೇಡ. ಅದರ ಗೆರೆಗೆ ದಪ್ಪ-ತೆಳು ಗೊತ್ತಿಲ್ಲ.

ಕಾಗದ: ಸ್ವಲ್ಪ ತರಿಯಿರುವ ಕಾರ್ಟ್ರಿಡ್ಜ್ ಶೀಟ್. ನುಣುಪಾದ ಜೆರಾಕ್ಸ್ ಹಾಳೆಯ ಮೇಲೆ ಪೆನ್ಸಿಲ್ ಜಾರುತ್ತದೆ, ಕಪ್ಪು ಕೂರುವುದಿಲ್ಲ. ಅಳತೆ ಎ5 ಸಾಕು. ದೊಡ್ಡ ಹಾಳೆ ಕಂಡರೆ ಹೊಸಬರ ಕೈ ತುಂಬಿಸಲು ಹೊರಡುತ್ತದೆ.

ರಬ್ಬರ್: 'ನೀಡೆಡ್ ಇರೇಸರ್', ಅಂದರೆ ಚಪಾತಿ ಹಿಟ್ಟಿನ ಹಾಗೆ ನಾದಿ ಬೇಕಾದ ಆಕಾರ ಮಾಡಿಕೊಳ್ಳಬಹುದಾದ ರಬ್ಬರ್. ಉಜ್ಜುವುದಕ್ಕಲ್ಲ, ಒತ್ತಿ ಕಪ್ಪು ಎತ್ತುವುದಕ್ಕೆ. 1770ರ ಸುಮಾರಿಗೆ ರಬ್ಬರ್ ಬಳಕೆಗೆ ಬರುವ ಮುನ್ನ ಕಲಾವಿದರು ಬ್ರೆಡ್ಡಿನ ಮೆತ್ತನೆಯ ತಿರುಳಿನಿಂದ ಅಳಿಸುತ್ತಿದ್ದರು. ಇವತ್ತೂ ಅದು ಕೆಲಸ ಮಾಡುತ್ತದೆ. ಇರುವೆ ಬರುತ್ತವೆ, ಅಷ್ಟೇ.

ಇವುಗಳ ಜೊತೆಗೆ ಒಂದು ಹತ್ತಿಯ ಪಂಚೆ, ಒಂದು ಕಂಬಳಿ ಅಥವಾ ದಪ್ಪ ಟವೆಲ್, ಒಂದು ಮೊಳೆ, ಒಂದು ಟೇಬಲ್ ಲ್ಯಾಂಪ್.

ಯಾವ ಚಿತ್ರ ನೋಡಬೇಕು

1832ರ ಜನವರಿಯಲ್ಲಿ ಡೆಲಕ್ರುವಾ ಫ್ರೆಂಚ್ ರಾಯಭಾರಿ ತಂಡದ ಜೊತೆ ಮೊರೊಕ್ಕೊಗೆ ಹೊರಟ. ಟ್ಯಾಂಜಿಯರ್‌ನಲ್ಲಿ ಇಳಿದು, ಮಾರ್ಚ್‌ನಲ್ಲಿ ಕುದುರೆಯ ಮೇಲೆ ಮೆಕ್ನೆಸ್‌ವರೆಗೆ ಹೋಗಿ ಸುಲ್ತಾನನನ್ನು ಕಂಡು, ಅದೇ ವರ್ಷ ಜುಲೈನಲ್ಲಿ ಫ್ರಾನ್ಸಿಗೆ ವಾಪಸಾದ. ದಾರಿಯುದ್ದಕ್ಕೂ ಟಿಪ್ಪಣಿ ಪುಸ್ತಕಗಳಲ್ಲಿ ಪೆನ್ಸಿಲ್, ಶಾಯಿ, ಜಲವರ್ಣ ಬಳಸಿ ಕಂಡದ್ದನ್ನೆಲ್ಲ ಹಿಡಿದಿಟ್ಟ. ಅವುಗಳಲ್ಲಿ ಕೆಲವು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ, ಒಂದು ಶಾಂಟಿಯಿಯ ಕೊಂಡೆ ಮ್ಯೂಸಿಯಂನಲ್ಲಿ ಇವೆ. ಲೂವ್ರ್ ತನ್ನ ಸಂಗ್ರಹವನ್ನು 2021ರಿಂದ ಆನ್‌ಲೈನ್‌ನಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಕಲಾವಿದನ ಹೆಸರು ಹಾಕಿ ಹುಡುಕಿದರೆ ಪುಟಗಳು ಸಿಗುತ್ತವೆ.

ಅಲ್ಲಿನ ಜನರ ಉಡುಪು ನಮ್ಮ ಕಣ್ಣಿಗೆ ಹೊಸದಲ್ಲ. ಹಾಯಿಕ್ ಎಂದರೆ ಹೊಲಿಗೆಯಿಲ್ಲದ ಉದ್ದ ಬಟ್ಟೆ, ಮೈಗೆ ಸುತ್ತಿ ತಲೆಯ ಮೇಲೆ ಹೊದೆಯುವಂಥದು. ಬರ್ನೂಸ್ ಎಂದರೆ ತೋಳಿಲ್ಲದ, ಟೋಪಿ ಇರುವ ಉಣ್ಣೆಯ ಮೇಲಂಗಿ. ಬಿಳಿ ಬಟ್ಟೆ ಹೊದ್ದು ಬಿಸಿಲಲ್ಲಿ ಕೂತ ಆ ಜನರನ್ನು ಕಂಡು ಡೆಲಕ್ರುವಾನಿಗೆ ಪ್ರಾಚೀನ ರೋಮಿನವರೇ ಜೀವಂತ ಎದ್ದು ಬಂದಂತೆ ಅನಿಸಿತ್ತು. ಅಲ್ಲಿಯವರೆಗೆ ಕಲಾಶಾಲೆಗಳಲ್ಲಿ ಉಟ್ಟ ಬಟ್ಟೆ ಕಲಿಯುತ್ತಿದ್ದದ್ದು ಅಮೃತಶಿಲೆ ಪ್ರತಿಮೆಗಳ ಪ್ಲಾಸ್ಟರ್ ಅಚ್ಚುಗಳಿಂದ, ಇಲ್ಲವೇ ಕೀಲುಗೊಂಬೆಗೆ ಬಟ್ಟೆ ಹೊದಿಸಿ. ಅವನಿಗೆ ಇಲ್ಲಿ ನಡೆಯುವ, ಬಾಗುವ, ಕುದುರೆ ಹತ್ತುವ ಬಟ್ಟೆ ಸಿಕ್ಕಿತು.

ಇಲ್ಲೊಂದು ಎಚ್ಚರಿಕೆ. ಅವನ ಮುಗಿದ ವರ್ಣಚಿತ್ರಗಳನ್ನು (1834ರ 'ಅಲ್ಜೀರಿಯಾದ ಹೆಂಗಸರು' ಇದ್ದಹಾಗೆ) ಪೆನ್ಸಿಲ್ಲಿನಲ್ಲಿ ನಕಲು ಮಾಡಲು ಹೋಗಬೇಡಿ. ಅಲ್ಲಿ ಬಣ್ಣ ಮಾಡಿದ ಕೆಲಸವನ್ನು ಗೆರೆ ಮಾಡಲಾರದು. ಟಿಪ್ಪಣಿ ಪುಸ್ತಕದ ಪುಟವನ್ನೇ ಹಿಡಿಯಿರಿ. ನಿಂತ ಒಬ್ಬ, ಕೂತ ಒಬ್ಬ, ಇಬ್ಬರು-ಮೂವರ ಒಂದು ಗುಂಪು, ಹೀಗೆ ಮೂರು ಚಿತ್ರ ಆರಿಸಿಕೊಂಡರೆ ಒಂದು ತಿಂಗಳಿಗೆ ಆಯಿತು. ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಒಂದೊಂದು ಗೆರೆ ಹುಡುಕುವುದೂ ಬೇಡ. ಮೂಲ ಚಿತ್ರ ಅಂಗೈಯಷ್ಟಿರುತ್ತದೆ, ಆ ಗಾತ್ರದಲ್ಲೇ ನೋಡಿ.

1. ಪೆನ್ಸಿಲ್ ಮುಟ್ಟದೆ ಐದು ನಿಮಿಷ: ಆಸರೆ ಹುಡುಕಿ

ಬಟ್ಟೆ ದೇಹವನ್ನು ಎಲ್ಲೆಲ್ಲಿ ಮುಟ್ಟಿ ತೂಗುತ್ತಿದೆಯೋ ಅದನ್ನು ನಾನು 'ಆಸರೆ' ಎನ್ನುತ್ತೇನೆ. ನಿಂತವರಲ್ಲಿ ಸಾಮಾನ್ಯವಾಗಿ ತಲೆ, ಎರಡು ಭುಜ, ಮಡಿಸಿದ ಮೊಣಕೈ, ಸೊಂಟ. ಕೂತವರಲ್ಲಿ ಇವುಗಳ ಜೊತೆ ಮಂಡಿ. ಚಿತ್ರದ ಮೇಲೆ ಕಣ್ಣಲ್ಲೇ ಈ ಚುಕ್ಕಿಗಳನ್ನಿಡಿ. ಆಮೇಲೆ ಪ್ರತಿ ಮಡಿಕೆಯನ್ನೂ ಅದರ ಚುಕ್ಕಿಯವರೆಗೆ ಹಿಂಬಾಲಿಸಿ. ಚುಕ್ಕಿಗೆ ಸೇರದ ಮಡಿಕೆ ಚಿತ್ರದಲ್ಲಿ ಇರುವುದೇ ಇಲ್ಲ, ಇದ್ದರೆ ನೀವು ಒಂದು ಆಸರೆಯನ್ನು ಗಮನಿಸಿಲ್ಲ ಎಂದರ್ಥ.

ಇದು ಮನದಟ್ಟಾಗದಿದ್ದರೆ ಮೊಳೆ-ಪಂಚೆ ಪ್ರಯೋಗ ಮಾಡಿ. ಪಂಚೆಯ ನಡುವನ್ನು ಒಂದು ಮೊಳೆಗೆ ಸಿಕ್ಕಿಸಿದರೆ ಮಡಿಕೆಗಳು ಅಲ್ಲಿಂದ ಕೆಳಕ್ಕೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಇನ್ನೊಂದು ತುದಿಯನ್ನು ಎತ್ತಿ ಕುರ್ಚಿಯ ಬೆನ್ನಿಗೆ ಸಿಕ್ಕಿಸಿ. ಒಡನೆಯೇ ನಡುವೆ ತೊಟ್ಟಿಲಿನಂತೆ ಜೋಲು ಬೀಳುತ್ತದೆ. ಬಟ್ಟೆ ಅದೇ, ಆಸರೆ ಮಾತ್ರ ಬೇರೆ. ಹೆಚ್ಚಿನವರು ಈ ಹಂತ ಹಾರಿಸುತ್ತಾರೆ, ಮೂರು ತಿಂಗಳ ಮೇಲೆ ಅದೇ ತಗಡಿನ ಪ್ರಶ್ನೆ ಹಿಡಿದು ಮತ್ತೆ ಬರುತ್ತಾರೆ.

2. ಒಳಗಿನ ದೇಹವನ್ನು ನಾಲ್ಕು ಗೆರೆಯಲ್ಲಿ

ಎಚ್‌ಬಿ ಪೆನ್ಸಿಲ್ಲನ್ನು ತುದಿಯಿಂದ ದೂರ ಹಿಡಿಯಿರಿ, ಬೆರಳಲ್ಲ, ತೋಳು ಅಲ್ಲಾಡಲಿ. ತಲೆಗೆ ಒಂದು ಮೊಟ್ಟೆ, ಭುಜದ ವಾಲಿಗೆ ಒಂದು ಗೆರೆ, ಸೊಂಟದ ವಾಲಿಗೆ ಒಂದು, ಮೈಭಾರ ಹೊತ್ತ ಕಾಲಿಗೆ ಒಂದು. ಒಂಟಿಕಾಲಿನ ಮೇಲೆ ಭಾರ ಹಾಕಿ ನಿಂತಾಗ ಆ ಕಡೆಯ ಸೊಂಟ ಮೇಲೇಳುತ್ತದೆ, ಅದೇ ಕಡೆಯ ಭುಜ ಇಳಿಯುತ್ತದೆ. ಕಲಾಶಾಲೆಯವರು ಇದಕ್ಕೆ ಇಟಾಲಿಯನ್ ಹೆಸರು ಹೇಳಿ ಹೆದರಿಸುತ್ತಾರೆ. ನಮ್ಮ ದೇವಸ್ಥಾನದ ಶಿಲ್ಪಗಳಲ್ಲಿ ಕಾಣುವ ಭಂಗಿಗಳ ಪರಿಚಯ ಇದ್ದವರಿಗೆ ಈ ಬಾಗು ತಾನಾಗಿ ಹೊಳೆಯುತ್ತದೆ.

ಭಾರ ಹೊತ್ತ ಕಾಲಿನ ಕಡೆ ಬಟ್ಟೆ ನೆಟ್ಟಗೆ ಬೀಳುತ್ತದೆ. ಸಡಿಲ ಬಿಟ್ಟ ಕಾಲಿನ ಕಡೆ ಮಂಡಿ ಮುಂದೆ ಬಂದು ಬಟ್ಟೆಯನ್ನು ತಳ್ಳುತ್ತದೆ. ಈ ಒಂದು ವ್ಯತ್ಯಾಸ ಹಿಡಿದರೆ ಅರ್ಧ ಚಿತ್ರ ಗೆದ್ದಂತೆ. "ಹೇಗೂ ಬಟ್ಟೆ ಮುಚ್ಚುತ್ತದಲ್ಲ" ಎಂದು ದೇಹ ಬಿಟ್ಟು ಬರೆದರೆ ಹೊರಬರುವುದು ಹಗ್ಗಕ್ಕೆ ಒಣಹಾಕಿದ ಬಟ್ಟೆ.

3. ಹೊರಗಿನ ಒಟ್ಟು ಆಕಾರ

ಬಟ್ಟೆ ಹೊದ್ದ ಇಡೀ ಆಕೃತಿಯನ್ನು ಒಂದು ಗಂಟು ಎಂದುಕೊಳ್ಳಿ. ಕೂತವರು ತ್ರಿಕೋನ, ನಿಂತವರು ಮೇಲೆ ಸಣ್ಣದಾಗಿ ಕೆಳಗೆ ಅಗಲವಾದ ಗಂಟೆ. ತೆಳುವಾಗಿ, ಎರಡು ಮೂರು ಬಾರಿ ಹಾಯಿಸಿ. ತಪ್ಪಿದ ಗೆರೆ ಅಳಿಸಬೇಡಿ, ಅದರ ಮೇಲೆಯೇ ಸರಿಯಾದದ್ದು ಬರಲಿ. ಡೆಲಕ್ರುವಾನ ಪುಟಗಳಲ್ಲಿ ಒಂದೇ ಭುಜಕ್ಕೆ ಹಲವು ಗೆರೆ ಕಾಣುವುದು ಅದಕ್ಕೇ. ಅವನು ಅಂಚಿನಿಂದ ಒಳಕ್ಕೆ ಬರುವವನಲ್ಲ, ಒಳಗಿನ ಉಬ್ಬನ್ನು ಸುತ್ತು ಗೆರೆಗಳಲ್ಲಿ ಹಿಡಿದು ಅಂಚಿಗೆ ಹೋಗುವವನು.

4. ಮಡಿಕೆ: ನಾಲ್ಕೇ ಬಗೆ ಸಾಕು

ಕಲಾಶಾಲೆಗಳಲ್ಲಿ ಮಡಿಕೆಗೆ ಏಳು ಬಗೆಯ ಪಟ್ಟಿ ಹೇಳಿಕೊಡುವುದುಂಟು. ಸ್ಕೆಚ್‌ಗೆ ನಾಲ್ಕು ಸಾಕು, ಹೆಸರು ನಾನೇ ಇಟ್ಟುಕೊಂಡದ್ದು.

ಕೊಳವೆ ಮಡಿಕೆ: ಒಂದೇ ಆಸರೆಯಿಂದ ನೆಟ್ಟಗೆ ಇಳಿಯುವುದು, ಸೀರೆಯ ನೆರಿಗೆಯಂತೆ. ಮೇಲೆ ಕಿರಿದು, ಕೆಳಗೆ ಅಗಲ. ಹೊಸಬರು ಇವನ್ನು ಸಮಾನ ಅಂತರದಲ್ಲಿ ಬರೆಯುತ್ತಾರೆ, ಬಾಚಣಿಗೆ ಆಗುತ್ತದೆ. ಎರಡನ್ನು ಹತ್ತಿರ ತನ್ನಿ, ಮೂರನೆಯದನ್ನು ದೂರ ತಳ್ಳಿ, ನಾಲ್ಕನೆಯದನ್ನು ಅರ್ಧದಲ್ಲೇ ಬಿಡಿ.

ಜೋಲು ಮಡಿಕೆ: ಎರಡು ಆಸರೆಗಳ ನಡುವೆ, ಜೋಳಿಗೆಯಂತೆ. ಕುತ್ತಿಗೆಯ ಮುಂದೆ, ಎತ್ತಿದ ಕೈಯಿಂದ ಸೊಂಟದವರೆಗೆ, ಕೂತವರ ಎರಡು ಮಂಡಿಗಳ ನಡುವೆ ಇದನ್ನು ಕಾಣಬಹುದು. ಆ ಕಡೆಯಿಂದ ಬಂದ ಗೆರೆಯೂ ಈ ಕಡೆಯಿಂದ ಬಂದ ಗೆರೆಯೂ ನಡುವೆ ಕೂಡಬೇಕೆಂದಿಲ್ಲ. ಒಂದು ಇನ್ನೊಂದರ ಪಕ್ಕ ಹಾಯ್ದು ಕರಗಿಹೋಗುತ್ತದೆ. ಎರಡನ್ನೂ ಒತ್ತಾಯದಿಂದ ಸೇರಿಸಿ 'ಯು' ಮಾಡಿದರೆ ಬಟ್ಟೆ ಹೋಗಿ ಹೂಮಾಲೆ ಆಗುತ್ತದೆ.

ಮುದುರು: ಮೊಣಕೈ ಅಥವಾ ಮಂಡಿ ಮಡಿಚಿದ ಒಳಭಾಗದಲ್ಲಿ ಬಟ್ಟೆ ಒತ್ತಿಕೊಂಡು ಅಂಕುಡೊಂಕಾಗುವುದು. ಇಲ್ಲಿ ಗೆರೆ ಚೂಪಾಗಿರಲಿ, ಒತ್ತು ಹೆಚ್ಚಿರಲಿ. ಇಡೀ ಚಿತ್ರದಲ್ಲಿ ಅತಿ ಕಪ್ಪು ಬೀಳಬೇಕಾದ ಜಾಗಗಳಲ್ಲಿ ಇದೊಂದು.

ಬಿದ್ದ ಬಟ್ಟೆ: ನೆಲಕ್ಕೆ ತಾಗಿ ಮುರಿದು ಕೂತದ್ದು. ಜಗ್ಗು ಇಲ್ಲಿ ಮುಗಿಯಿತು, ಆದ್ದರಿಂದ ಗೆರೆಗೆ ದಿಕ್ಕೂ ಇಲ್ಲ. ಎರಡು ಮೂರು ಮುರುಕು ಗೆರೆ ಹಾಕಿ ಬಿಟ್ಟುಬಿಡಿ.

ಎಲ್ಲಕ್ಕೂ ಅನ್ವಯಿಸುವ ಒತ್ತಿನ ನಿಯಮ ಒಂದಿದೆ. ಆಸರೆಯ ಹತ್ತಿರ ಗೆರೆ ಬಿಗಿ, ಕಪ್ಪು, ಸಣ್ಣ. ದೂರ ಹೋದಂತೆ ಸಡಿಲ, ತಿಳಿ, ಅಗಲ. ಪೆನ್ಸಿಲ್ಲನ್ನು ಆಸರೆಯಲ್ಲಿ ಊರಿ ಕೆಳಕ್ಕೆ ಎಳೆಯುತ್ತಾ ಕೈ ಎತ್ತಿಬಿಡಿ. ಕೆಳಗಿನಿಂದ ಮೇಲಕ್ಕೆ ಎಳೆಯುವವರಿದ್ದಾರೆ, ಅವರ ಬಟ್ಟೆಯೆಲ್ಲ ನೆಲದಿಂದ ಬೆಳೆದ ಹುಲ್ಲಿನಂತೆ ಕಾಣುತ್ತದೆ.

ಕೊನೆಗೆ ಬಟ್ಟೆಯ ಅಂಚು ಬರೆಯಿರಿ. ನೆರಿಗೆ ಎಷ್ಟು ಆಳ ಎಂದು ಹೇಳುವುದು ನೆರಿಗೆಯ ಗೆರೆ ಅಲ್ಲ, ಕೆಳಗಿನ ಅಂಚು. ಸೀರೆಯ ಅಂಚಿನ ಪಟ್ಟಿ ಒಳಹೊಕ್ಕು ಹೊರಬರುವುದನ್ನು ನೋಡಿದರೆ ಗೊತ್ತಾಗುತ್ತದೆ. ಅದು ನೇರ ಗೆರೆಯಾಗಿದ್ದರೆ ಮೇಲಿನ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

5. ನೆರಳು

ಕಣ್ಣು ಅರ್ಧ ಮುಚ್ಚಿ ಚಿತ್ರ ನೋಡಿ. ಬಿಳಿ, ನಡು, ಕಪ್ಪು ಎಂಬ ಮೂರೇ ಪದರ ಉಳಿಯುತ್ತವೆ. 2ಬಿ ಓರೆ ಹಿಡಿದು ನಡು ಪದರವನ್ನು ಸಾಲು ಗೀರುಗಳಿಂದ ತುಂಬಿ. ಸಾಲು ಗೀರು ಎಂದರೆ ಒಂದೇ ದಿಕ್ಕಿನಲ್ಲಿ ಹತ್ತಿರ ಹತ್ತಿರ ಎಳೆದ ಗೆರೆಗಳು, ಹ್ಯಾಚಿಂಗ್ ಎನ್ನುವುದು ಇದಕ್ಕೇ. ಮಡಿಕೆ ತಿರುಗಿದ ಕಡೆಗೆಲ್ಲ ಗೀರನ್ನು ತಿರುಗಿಸಬೇಡಿ, ಎಲ್ಲ ಕಡೆ ಒಂದೇ ವಾಲು ಇರಲಿ. 4ಬಿ ಕಪ್ಪು ನಾಲ್ಕೈದು ಕಡೆ ಮಾತ್ರ. ಬೆರಳಿನಿಂದ ತಿಕ್ಕಿ ನುಣ್ಣಗೆ ಮಾಡುವ ಚಪಲ ಬಿಡಿ. ತಿಕ್ಕಿದ ಬಟ್ಟೆ ಹೊಗೆಯಂತೆ ಕಾಣುತ್ತದೆ, ಬೆರಳಿನ ಎಣ್ಣೆ ಕಾಗದಕ್ಕೆ ಹತ್ತಿದರೆ ಆ ಕಲೆ ಮತ್ತೆ ಹೋಗುವುದಿಲ್ಲ.

6. ಮುಖ, ಕೈ, ಮಾತು

ಮುಖಕ್ಕೆ ಕಣ್ಣಿನ ನೆರಳು, ಮೂಗಿನ ಕೆಳಗೊಂದು ಕಪ್ಪು, ಇಷ್ಟೇ. ರೆಪ್ಪೆ ಬರೆದಿರೋ, ಬಟ್ಟೆಯನ್ನೂ ಅಷ್ಟೇ ವಿವರವಾಗಿ ಬರೆಯಬೇಕಾಗುತ್ತದೆ. ಡೆಲಕ್ರುವಾ ಮಾಡುತ್ತಿದ್ದ ಇನ್ನೊಂದು ಕೆಲಸ ನೀವೂ ರೂಢಿಸಿಕೊಳ್ಳಿ. ಬಣ್ಣ ಹಚ್ಚಲು ಪುರುಸೊತ್ತಿಲ್ಲದ ಕಡೆ ಅವನು ಚಿತ್ರದ ಪಕ್ಕದಲ್ಲೇ ಬಣ್ಣದ ಹೆಸರು ಬರೆದಿಡುತ್ತಿದ್ದ. "ಸೆರಗು ಅರಿಶಿನ, ಒಳಗೆ ಕುಂಕುಮ ಬಣ್ಣ" ಎಂದು ಬರೆದುಕೊಂಡರೆ ಹತ್ತು ವರ್ಷ ಬಿಟ್ಟೂ ಆ ಪುಟದಿಂದ ವರ್ಣಚಿತ್ರ ಮಾಡಬಹುದು. 1832ರ ಫೆಬ್ರವರಿಯಲ್ಲಿ ಟ್ಯಾಂಜಿಯರ್‌ನಲ್ಲಿ ಕಂಡ ಯಹೂದಿ ಮದುವೆಯ ವರ್ಣಚಿತ್ರವನ್ನು ಅವನು ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದ್ದು 1841ರಲ್ಲಿ.

7. ಗುಂಪು ಬರೆಯುವಾಗ

ಮೂವರನ್ನು ಮೂರು ಬಾರಿ ಬರೆದರೆ ಗುಂಪು ಆಗುವುದಿಲ್ಲ. ಮೂವರ ನೆರಳನ್ನೂ ಒಂದೇ ತೇಪೆಯಾಗಿ ಬೆಸೆಯಿರಿ, ಅಂಚುಗಳು ಅಲ್ಲಿ ಕಳೆದುಹೋಗಲಿ. ಬೆಳಕು ಬಿದ್ದ ಕಡೆ ಮಾತ್ರ ಒಬ್ಬೊಬ್ಬರೂ ಬೇರೆಯಾಗಿ ಕಾಣಲಿ. ಒಬ್ಬರ ಮೊಣಕೈಗೂ ಇನ್ನೊಬ್ಬರ ಬೆನ್ನಿಗೂ ನಡುವೆ ಉಳಿದ ಖಾಲಿ ಜಾಗದ ಆಕಾರವನ್ನು ಮೊದಲು ಬರೆಯುವುದು ಒಳ್ಳೆಯ ಉಪಾಯ.

ಈ ಹಂತಕ್ಕೆ ಡೆಲಕ್ರುವಾನಿಗಿಂತ ಸ್ಕಾಟ್ಲೆಂಡಿನ ಡೇವಿಡ್ ವಿಲ್ಕಿ (1785–1841) ಒಳ್ಳೆಯ ಮಾದರಿ. ನಮಗೂ ಅವನಿಗೂ ಒಂದು ಕಹಿ ನಂಟಿದೆ. ಶ್ರೀರಂಗಪಟ್ಟಣ ಬಿದ್ದ 1799ರ ಮೇ 4ರ ರಾತ್ರಿ ಟಿಪ್ಪುವಿನ ದೇಹ ಸಿಕ್ಕ ದೃಶ್ಯವನ್ನು ದೊಡ್ಡ ವರ್ಣಚಿತ್ರವಾಗಿಸಿದವನು ಅವನು. ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡ್‌ನ ವಿಧವೆ ಬರೆಸಿದ ಆ ಚಿತ್ರ ಮುಗಿದದ್ದು 1839ರಲ್ಲಿ. ಈಗ ಅದು ಸ್ಕಾಟ್ಲೆಂಡಿನ ನ್ಯಾಷನಲ್ ಗ್ಯಾಲರಿಗಳ ಸಂಗ್ರಹದಲ್ಲಿದೆ. ವಿಲ್ಕಿ ಭಾರತಕ್ಕೆ ಬಂದವನೇ ಅಲ್ಲ. ಚಿತ್ರದಲ್ಲಿ ಯಾರು ಮೇಲೆ ನಿಂತಿದ್ದಾರೆ, ಯಾರು ಕೆಳಗೆ ಬಿದ್ದಿದ್ದಾರೆ ಎಂಬುದರಲ್ಲೇ ಅದರ ರಾಜಕೀಯ ಇದೆ. ಅದನ್ನು ಮರೆಯದೆ ಅವನ ಪೂರ್ವಸಿದ್ಧತೆಯ ಸ್ಕೆಚ್‌ಗಳನ್ನು ನೋಡಿ. ಬಾಗಿದ, ಬಿದ್ದ, ಆತುಕೊಂಡ ಮೈಗಳನ್ನು ಒಂದೇ ಗಂಟಾಗಿ ಕಟ್ಟುವುದನ್ನು ಅಲ್ಲಿ ಕಲಿಯಬಹುದು. 1840–41ರಲ್ಲಿ ಅವನು ಕಾನ್‌ಸ್ಟಾಂಟಿನೋಪಲ್, ಜೆರುಸಲೇಮ್ ಕಡೆ ಹೋಗಿ ಸಾಕಷ್ಟು ಉಡುಪಿನ ಚಿತ್ರ ಬರೆದ, ವಾಪಸು ಬರುವಾಗ ಜಿಬ್ರಾಲ್ಟರ್ ಬಳಿ ಹಡಗಿನಲ್ಲೇ ತೀರಿಕೊಂಡ.

8. ನಕಲಿನಿಂದ ಎದುರಿನ ಮನುಷ್ಯನಿಗೆ

ಹದಿನೈದು ಇಪ್ಪತ್ತು ನಕಲು ಆದ ಮೇಲೆ ಪುಟ ಮುಚ್ಚಿ. ಮನೆಯವರನ್ನು ಕಂಬಳಿ ಹೊದ್ದು ಕಿಟಕಿಯ ಪಕ್ಕ ಕೂರಲು ಕೇಳಿ. ಮೊದಲು ಕಂಬಳಿ, ಆಮೇಲೆ ಹತ್ತಿ, ಕೊನೆಗೆ ರೇಷ್ಮೆ. ದಪ್ಪ ಬಟ್ಟೆಯಲ್ಲಿ ಮಡಿಕೆ ಕಡಿಮೆ, ದೊಡ್ಡದು, ಆದ್ದರಿಂದ ಸುಲಭ. ರೇಷ್ಮೆ ಸಣ್ಣ ಸಣ್ಣದಾಗಿ ಮುರಿದು ಮಿಂಚುತ್ತದೆ, ಅವಸರ ಬೇಡ. ಮೊದಲು ಹತ್ತು ನಿಮಿಷದ ಚಿತ್ರ, ಆಮೇಲೆ ಐದು, ಆಮೇಲೆ ಎರಡು.

ನಾಲ್ಕನೇ ಮಹಡಿಯಿಂದ ಬೀಳುವ ಮನುಷ್ಯ ನೆಲ ಮುಟ್ಟುವುದರೊಳಗೆ ಅವನ ಸ್ಕೆಚ್ ಮಾಡಲಾಗದವನು ದೊಡ್ಡ ಚಿತ್ರ ಬರೆಯಲಾರ ಎಂದು ಡೆಲಕ್ರುವಾ ಹೇಳಿದ್ದನ್ನು ಕವಿ ಬೋದಲೇರ್ ದಾಖಲಿಸಿದ್ದಾನೆ. ಈ ಮಾತು ಕೇಳಿ ಮೊದಲ ದಿನವೇ ವೇಗಕ್ಕೆ ಬೀಳುವವರು ಒಂದು ಸಂಗತಿ ಮರೆಯುತ್ತಾರೆ. ಹಾಗೆ ಹೇಳಿದವನು ತರುಣನಾಗಿದ್ದಾಗ ಲೂವ್ರ್‌ನಲ್ಲಿ ಕೂತು ರೂಬೆನ್ಸ್ ಮೊದಲಾದವರ ಚಿತ್ರಗಳನ್ನು ತಾಳ್ಮೆಯಿಂದ ನಕಲು ಮಾಡಿದವನು.

ಬಸ್ ನಿಲ್ದಾಣ, ಸಂತೆ, ಜಾತ್ರೆ ಇವೆಲ್ಲ ಉಟ್ಟ ಬಟ್ಟೆಯ ಶಾಲೆಗಳೇ. ಆದರೆ ಎದುರಿಗೆ ಕೂತವರನ್ನು ದಿಟ್ಟಿಸುವ ಮುನ್ನ ಒಂದು ಮಾತು ಕೇಳಿ, ಒಪ್ಪದಿದ್ದರೆ ಪುಸ್ತಕ ಮುಚ್ಚಿ. ಟ್ಯಾಂಜಿಯರ್‌ನಲ್ಲಿ ತಮ್ಮ ಚಿತ್ರ ಬರೆಸಿಕೊಳ್ಳಲು ಇಷ್ಟಪಡದವರು ಎಷ್ಟೋ ಜನರಿದ್ದರು. ಡೆಲಕ್ರುವಾನ ಎಷ್ಟೋ ಆಕೃತಿಗಳಿಗೆ ಮುಖ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ನನಗೆ ಅನಿಸುತ್ತದೆ.

ಮುಗಿಸಿದ ಮೇಲೆ

ಪೆನ್ಸಿಲ್ ಚಿತ್ರ ಉಜ್ಜಿದರೆ ಕೆಡುತ್ತದೆ. ಪುಟಗಳ ನಡುವೆ ಬಟರ್ ಪೇಪರ್ ಇಡಿ. ಫಿಕ್ಸೆಟಿವ್ (ಕಪ್ಪು ಉದುರದಂತೆ ಹಿಡಿದಿಡುವ ಸ್ಪ್ರೇ) ಬಳಸುವುದಾದರೆ ಬಾಲ್ಕನಿಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದಡಿ ದೂರದಿಂದ ತೆಳುವಾಗಿ ಎರಡು ಬಾರಿ ಹೊಡೆಯಿರಿ. ಒಂದೇ ಸಲಕ್ಕೆ ಒದ್ದೆ ಮಾಡಿದರೆ ಕಾಗದ ಸುಕ್ಕಾಗುತ್ತದೆ. ಹೇರ್ ಸ್ಪ್ರೇ ಸಾಕು ಎನ್ನುವವರ ಮಾತು ಕೇಳಬೇಡಿ, ಕಾಲಕ್ರಮೇಣ ಹಾಳೆ ಹಳದಿ ತಿರುಗುತ್ತದೆ.

ನಕಲು ಮಾಡಿದ ಪ್ರತಿ ಪುಟದ ಕೆಳಗೂ ತಾರೀಕು ಹಾಕಿ, "ಡೆಲಕ್ರುವಾನನ್ನು ನೋಡಿ" ಎಂದು ಬರೆಯಿರಿ, ಆಮೇಲೆ ನಿಮ್ಮ ಸಹಿ. ಎಷ್ಟು ನಿಮಿಷ ಹಿಡಿಯಿತು ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ.